ವಹಿವಾಟು ಪರಿಮಾಣ (ಕ್ರಿಪ್ಟೋಕರೆನ್ಸಿ)
ಗೊತ್ತಾದ ಅವಧಿಯೊಂದರಲ್ಲಿ, ಸಾಮಾನ್ಯವಾಗಿ 24 ಗಂಟೆಗಳಲ್ಲಿ, ವಿನಿಮಯ ಕೇಂದ್ರದೊಳಗೆ ಕ್ರಯವಿಕ್ರಯಗೊಂಡ ಕ್ರಿಪ್ಟೋಕರೆನ್ಸಿಯ ಒಟ್ಟು ಮೊತ್ತ. ಇದನ್ನು ನಾಣ್ಯಸಂಖ್ಯೆಯಲ್ಲಾಗಲಿ, ರೂಪಾಯಿ ಅಥವಾ ಡಾಲರಿನ ಮೌಲ್ಯದಲ್ಲಾಗಲಿ ನಮೂದಿಸುವರು.

ಒಂದು ಬಿಟ್‌ಕಾಯಿನ್ 10 ಕೋಟಿ ಸಟೋಶಿಗಳಾಗಿ, ಎಂದರೆ ದಶಾಂಶದ 8ನೆಯ ಸ್ಥಾನದವರೆಗೆ, ವಿಭಾಜ್ಯವಾದುದು. ಈಥರ್ ಎಂಬ ನಾಣ್ಯ 18ನೆಯ ಸ್ಥಾನದವರೆಗೆ. ಗಣಕದ ದ್ವಿಮಾನ ಪದ್ಧತಿಯಲ್ಲಿ 0.1 ಎಂಬ ಭಿನ್ನರಾಶಿ ನಿಶ್ಶೇಷವಾಗಿ ಹಿಡಿಯದಿರುವುದರಿಂದ 0.1 ಮತ್ತು 0.2ರ ಮೊತ್ತ 0.30000000000000004 ಎಂದು ಬರುವುದುಂಟು. ಅಸಂಖ್ಯ ವ್ಯವಹಾರಗಳನ್ನು ಕೂಡುವಾಗ ಇಂಥ ಲೇಶಗಳು ಸಂಚಯಗೊಳ್ಳುವ ಕಾರಣ, ಪರಿಮಾಣವನ್ನು ಸಟೋಶಿಯಂಥ ಕಿರುಘಟಕಗಳ ಪೂರ್ಣಾಂಕಗಳಲ್ಲಿ ಇರಿಸುವುದೇ ಯುಕ್ತವಾದ ಕ್ರಮ.

ದಶಾಂಶಗಳ ಸೂಕ್ಷ್ಮತೆ ಅಂಕಿಯ ಸತ್ಯತೆಗೆ ಪ್ರಮಾಣವಲ್ಲ. ಪ್ರಕಟಿತ ಬಿಟ್‌ಕಾಯಿನ್ ವಹಿವಾಟಿನಲ್ಲಿ ಶೇಕಡಾ ಸುಮಾರು 95ರಷ್ಟು ಕೃತಕವೆಂದು ಬಿಟ್‌ವೈಸ್ ಸಂಸ್ಥೆಯು 2019ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ಸಲ್ಲಿಸಿದ ವಿಶ್ಲೇಷಣೆಯಲ್ಲಿ ತಿಳಿಸಿತು. ಒಬ್ಬನೇ ವರ್ತಕನು ತನಗೆ ತಾನೇ ಮಾರಿ ಕೊಳ್ಳುವುದು ಇದರ ಪರಿಚಿತ ಉಪಾಯ.

ಪ್ರಕಟಿತ ಅಂಕಿ ನಿಜವಾದ ವಹಿವಾಟನ್ನು ಹೇಳದಿರುವ ಈ ತೊಡಕು ಕೃಷಿಪೇಟೆಗಳಿಗೂ ಹೊಸದಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಆವಕವನ್ನು ಚೀಲಗಳಲ್ಲಿ ಹೇಳಿ ದರವನ್ನು ಕ್ವಿಂಟಲಿಗೆ ಕಟ್ಟುವರು. ಚೀಲಗಳ ತೂಕ ಸಮನಲ್ಲ, ಬಂದ ಮಾಲೆಲ್ಲವೂ ಅಂದೇ ಮಾರಾಟವಾಗಬೇಕೆಂದೂ ಇಲ್ಲ, ಕೆಲಭಾಗ ಶೀತಲಗೃಹ ಸೇರುವುದು. ಆವಕವನ್ನೇ ವಹಿವಾಟೆಂದು ಬಗೆಯುವುದು ಅಲ್ಲಿಯೂ ಪ್ರಮಾದವೇ.

ಭಾರತದಲ್ಲಿ 2022ರ ಜುಲೈ 1ರಿಂದ ಕ್ರಿಪ್ಟೋ ಆಸ್ತಿಗಳ ವರ್ಗಾವಣೆಯ ಮೇಲೆ ಶೇಕಡಾ 1ರ ಮೂಲ ತೆರಿಗೆ ಕಡಿತ ಜಾರಿಗೆ ಬಂದ ತರುವಾಯ ದೇಶೀಯ ವಿನಿಮಯ ಕೇಂದ್ರಗಳ ವಹಿವಾಟು ಗಣನೀಯವಾಗಿ ಕುಗ್ಗಿತು.