ಕೂಟಸಾಕ್ಷಿಗೆ ದಂಡವೆಷ್ಟು?

ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲ. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಅಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯ ಜಗಳ ಬಂದಾಗ ವಕೀಲರು ಈಗಲೂ ಅದರ ಹೆಸರೆತ್ತುತ್ತಾರೆ. ಸುಳ್ಳುಸಾಕ್ಷಿಯ ಲೆಕ್ಕಾಚಾರವೂ ಅಲ್ಲೇ ಇದೆ.

ಮೊದಲಿಗೆ ಹೆದರಿಕೆ. ವಾದಿ, ಪ್ರತಿವಾದಿಗಳ ಎದುರಲ್ಲೇ ಸಾಕ್ಷಿಯನ್ನು ನಿಲ್ಲಿಸಿ, ಸುಳ್ಳಾಡಿದರೆ ಮನೆಗೆ ಬೆಂಕಿಯಿಟ್ಟವರು, ಹೆಂಗಸರು ಮಕ್ಕಳನ್ನು ಕೊಂದವರು ಹೋಗುವ ನರಕವೇ ಗತಿ ಎಂದು ಕೇಳಿಸಬೇಕಿತ್ತು. ನೂರು ಜನ್ಮಗಳ ಪುಣ್ಯವೆಲ್ಲ ಯಾರನ್ನು ಸೋಲಿಸಿದೆಯೋ ಅವನ ಪಾಲಾಗುತ್ತದೆ ಎಂಬ ಮಾತೂ ಇತ್ತು. ಇಷ್ಟಕ್ಕೂ ಜಗ್ಗದವನಿಗೆ, ಸೋತವನು ತೆರಬೇಕಾದ ದಂಡದ ಎರಡರಷ್ಟು. ಸಾಕ್ಷಿ ಹೇಳಲು ಒಪ್ಪಿಕೊಂಡು ಆಮೇಲೆ ನನಗೇನೂ ಗೊತ್ತಿಲ್ಲ ಎಂದು ಜಾರಿಕೊಂಡವನಿಗೆ ಎಂಟರಷ್ಟು! ಬಾಯಿಬಿಟ್ಟು ಸುಳ್ಳಾಡಿದವನಿಗಿಂತ ಬಾಯಿಮುಚ್ಚಿ ಕೂತವನೇ ದೊಡ್ಡ ತಪ್ಪಿತಸ್ಥ. ಆದರೆ ಈ ನ್ಯಾಯಕ್ಕೂ ಜಾತಿಯ ಕಣ್ಣಿತ್ತು: ಬ್ರಾಹ್ಮಣನಾದರೆ ಗಡೀಪಾರು ಅಷ್ಟೆ.

ಇನ್ನೊಂದು ವಿನಾಯಿತಿಯೂ ಇತ್ತು. ನಿಜ ಹೇಳಿದರೆ ಒಬ್ಬನ ತಲೆ ಹೋಗುತ್ತದೆ ಎಂದಾದರೆ ಸಾಕ್ಷಿ ಸುಳ್ಳು ಹೇಳಬಹುದು. ಆಮೇಲೆ ಸರಸ್ವತಿಗೆ ಚರು ಅರ್ಪಿಸಿ ಪಾಪ ಕಳೆದುಕೊಳ್ಳಬೇಕು.

ಬ್ರಿಟಿಷರು ಬಂದ ಮೇಲೆ ಕೋರ್ಟಿನಲ್ಲಿ ಗಂಗಾಜಲ, ಕುರಾನ್ ಮುಟ್ಟಿಸಿ ಆಣೆ ಮಾಡಿಸುವ ರೂಢಿ ಕೆಲಕಾಲ ನಡೆಯಿತು. 1840ರ ಕಾಯ್ದೆ ಅದನ್ನು ಬಿಡಿಸಿ, ದೇವರ ಸಾಕ್ಷಿಯಾಗಿ ನಿಜ ಹೇಳುತ್ತೇನೆಂಬ ಪ್ರಮಾಣವನ್ನು ತಂದಿತು. ನರಕದ ಜಾಗಕ್ಕೆ ಜೈಲು ಬಂದದ್ದು 1860ರ ದಂಡ ಸಂಹಿತೆಯಿಂದ. ಅದರ 193ನೇ ಕಲಮಿನಲ್ಲಿ ಏಳು ವರ್ಷದವರೆಗೆ ಸೆರೆ. 194ನೇ ಕಲಮು ಸ್ಮೃತಿಯ ವಿನಾಯಿತಿಯನ್ನು ತಲೆಕೆಳಗು ಮಾಡಿದಂತಿದೆ: ಸುಳ್ಳುಸಾಕ್ಷಿಯಿಂದ ನಿರಪರಾಧಿ ಗಲ್ಲಿಗೇರಿದರೆ ಸಾಕ್ಷಿಗೂ ಗಲ್ಲು ವಿಧಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಇವೆರಡನ್ನೂ 229, 230ನೇ ಕಲಮುಗಳಲ್ಲಿ ಉಳಿಸಿಕೊಂಡಿದೆ.

ಇಷ್ಟು ಬಿಗಿಯಾದ ಕಾನೂನಿದ್ದರೂ ಸುಳ್ಳುಸಾಕ್ಷಿ ಹೇಳಿದವನು ಜೈಲು ಕಂಡದ್ದು ಅಪರೂಪ. ಕಾರಣ ಕಾನೂನಿನಲ್ಲೇ ಇದೆ. ಸುಳ್ಳಿನಿಂದ ಕೆಟ್ಟವನು ತಾನೇ ಹೋಗಿ ಈ ಕೇಸು ಹೂಡುವಂತಿಲ್ಲ. ಅವನು ಅರ್ಜಿ ಹಾಕಬಹುದು, ದೂರು ಕೊಡಬೇಕಾದದ್ದು ಕೋರ್ಟು. ಮೊದಲೇ ಕಡತಗಳ ರಾಶಿಯಲ್ಲಿ ಮುಳುಗಿದ ನ್ಯಾಯಾಧೀಶರು ಇನ್ನೊಂದು ಮೊಕದ್ದಮೆಯನ್ನು ತಾವಾಗಿ ಹುಟ್ಟುಹಾಕುವುದುಂಟೆ? ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಮಾತು ಬದಲಿಸುತ್ತ ಹೋದ ಮುಖ್ಯ ಸಾಕ್ಷಿಗೆ 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷ ಸೆರೆ, 50,000 ರೂಪಾಯಿ ದಂಡ ವಿಧಿಸಿತು. ಅದೂ 193ನೇ ಕಲಮಿನಡಿ ಅಲ್ಲ, ನ್ಯಾಯಾಂಗ ನಿಂದನೆಗಾಗಿ.