ಕೊಪ್ಪಳ ಸೀಮೆಯಲ್ಲಿ ಲಕ್ವ ಮತ್ತು ನಡಿಗೆ: ಪರಾವರ್ತನೆಗಳ ತರಬೇತಿಯ ಚಾರಿತ್ರಿಕ ಹಿನ್ನೆಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಆಡುಮಾತಿನಲ್ಲಿ ಪಾರ್ಶ್ವವಾಯುವಿಗೆ ‘ಲಕ್ವ ಹೊಡೆಯುವುದು’ ಎನ್ನುತ್ತಾರೆ. ಈ ಪದದ ಮೂಲವನ್ನು ಹುಡುಕಿದರೆ ಈ ಸೀಮೆಯ ವೈದ್ಯಕೀಯ ಚರಿತ್ರೆಯ ಒಂದು ಎಳೆಯೇ ಕೈಗೆ ಸಿಗುತ್ತದೆ. ಅರಬ್ಬೀ ಮೂಲದ ಯುನಾನಿ ವೈದ್ಯದಲ್ಲಿ ‘ಲಕ್ವ’ ಎಂದರೆ ಮುಖದ ಒಂದು ಭಾಗ ಸೊಟ್ಟಗಾಗುವ ರೋಗ ಮಾತ್ರ. ಅರ್ಧ ದೇಹ ಸ್ವಾಧೀನ ತಪ್ಪುವ ರೋಗಕ್ಕೆ ಅಲ್ಲಿ ‘ಫಾಲಿಜ್’ ಎಂಬ ಬೇರೆ ಹೆಸರಿದೆ. ಆಯುರ್ವೇದವೂ ಇವನ್ನು ‘ಅರ್ದಿತ’ ಮತ್ತು ‘ಪಕ್ಷಾಘಾತ’ ಎಂದು ಬೇರ್ಪಡಿಸಿದೆ. ಶಾಸ್ತ್ರಗಳು ಬಿಡಿಸಿಟ್ಟದ್ದನ್ನು ಜನಭಾಷೆ ಒಂದುಗೂಡಿಸಿತು. ಹಿಂದಿ ಮುಂತಾದ ಭಾಷೆಗಳಲ್ಲಿಯೂ ಇದೇ ಅರ್ಥವಿಸ್ತಾರ ನಡೆದಿದೆಯಾದರೂ, ಬಿಜಾಪುರದ ಆದಿಲಶಾಹಿ ಮತ್ತು ಅನಂತರ ಹೈದರಾಬಾದಿನ ನಿಜಾಮರ ಆಳ್ವಿಕೆಯನ್ನು ಕಂಡ ಈ ನೆಲದಲ್ಲಿ ‘ಲಕ್ವ’ ಮನೆಮಾತಾದುದು ಸಹಜವೇ ಆಗಿದೆ.

ಜೈನ ವೈದ್ಯ ಉಗ್ರಾದಿತ್ಯನು ರಾಷ್ಟ್ರಕೂಟರ ಕಾಲದಲ್ಲಿ ರಚಿಸಿದ ‘ಕಲ್ಯಾಣಕಾರಕ’ದಲ್ಲಿ ವಾತರೋಗಗಳಿಗೆ ಪ್ರತ್ಯೇಕ ಭಾಗವಿದೆ. ಕೊಪಣವು ಜೈನರ ಮಹಾತೀರ್ಥವಾಗಿದ್ದ ಯುಗವದು. ಚರಕಸಂಹಿತೆಯಿಂದ ಬಂದ ಕ್ರಮದಲ್ಲಿ ಈ ರೋಗಕ್ಕೆ ಸ್ನೇಹನ, ಸ್ವೇದನ, ವಿರೇಚನಗಳು ಮುಖ್ಯ. ಯುನಾನಿಯಲ್ಲಿಯೂ ತೈಲಮರ್ದನಕ್ಕೆ ಸ್ಥಾನವಿದೆ. ಇಂದಿಗೂ ಹಳ್ಳಿಗಳಲ್ಲಿ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು ಈ ಎರಡೂ ಪರಂಪರೆಗಳ ಉಳಿಕೆ ಎನ್ನಬಹುದು. ಈ ಚಿಕಿತ್ಸೆಗಳೆಲ್ಲ ಸೆಟೆದ ಅಂಗವನ್ನು ಹೊರಗಿನಿಂದ ಸಡಿಲಿಸಲು ಯತ್ನಿಸುತ್ತವೆ ಎಂಬುದು ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಸೆಡೆತದ ಮೂಲ ಸ್ನಾಯುವಿನಲ್ಲಿಲ್ಲ, ನರಮಂಡಲದಲ್ಲಿದೆ ಎಂಬ ತಿಳಿವಳಿಕೆ ಸ್ಪಷ್ಟವಾದುದು ಬಹಳ ತಡವಾಗಿ.

ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ 1875ರಲ್ಲಿ ಮೊಣಕಾಲಿನ ಕೆಳಗೆ ತಟ್ಟಿದಾಗ ಕಾಲು ಚಿಮ್ಮುವುದನ್ನು ವರ್ಣಿಸಿದರು. ಸ್ನಾಯುವನ್ನು ಎಳೆದಾಗ ಅದು ಮೆದುಳುಬಳ್ಳಿಯ ಮೂಲಕ ತಾನೇ ಬಿಗಿಯುವ ಪರಾವರ್ತನೆಯನ್ನು ಲಿಡೆಲ್ ಮತ್ತು ಷೆರಿಂಗ್‌ಟನ್ 1924ರಲ್ಲಿ ವಿವರಿಸಿದರು. ಮಂಡಿಯ ಹಿಂಭಾಗದ ನರಕ್ಕೆ ವಿದ್ಯುತ್ ಸ್ಪಂದನ ಕೊಟ್ಟು ಮೀನಖಂಡದಲ್ಲಿ ಇದಕ್ಕೆ ಸಮಾನವಾದ ಪ್ರತಿಕ್ರಿಯೆಯನ್ನು ಅಳೆಯುವ ವಿಧಾನ ಪಾಲ್ ಹಾಫ್‌ಮನ್ನನದು. ಅವನ ಹೆಸರಿನಿಂದಲೇ ಅದನ್ನು ‘ಎಚ್ ಪರಾವರ್ತನೆ’ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಮಿದುಳು ಈ ಪರಾವರ್ತನೆಗಳನ್ನು ಹದದಲ್ಲಿ ಇರಿಸುತ್ತದೆ. ಪಾರ್ಶ್ವವಾಯುವಿನ ಆರಂಭದಲ್ಲಿ ಜೋತುಬಿದ್ದ ಕಾಲು ವಾರಗಳು ಕಳೆದಂತೆ ಸೆಟೆಯುವುದು ಈ ಹತೋಟಿ ತಪ್ಪುವುದರಿಂದ. ಪಾದ ಕೆಳಕ್ಕೆ ಬಾಗಿ ಬಿಗಿಯುತ್ತದೆ; ಮಂಡಿ ಮಡಿಯದು; ರೋಗಿ ಕಾಲನ್ನು ಅರ್ಧವೃತ್ತಾಕಾರವಾಗಿ ಬೀಸಿ ನಡೆಯುತ್ತಾನೆ.

ಪರಾವರ್ತನೆ ಎಂದರೆ ಬದಲಾಗದ, ಯಾಂತ್ರಿಕವಾದ ಕ್ರಿಯೆ ಎಂಬ ಭಾವನೆ ದೀರ್ಘಕಾಲ ಬೇರೂರಿತ್ತು. ಅಮೆರಿಕದ ಆಲ್ಬನಿಯಲ್ಲಿ ಜೊನಾಥನ್ ವೊಲ್ಪಾ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇದನ್ನು ಅಲುಗಿಸಿದವು. ಪರಾವರ್ತನೆಯ ಪ್ರಮಾಣ ಬಯಸಿದಂತೆ ಬದಲಾದಾಗ ಮಾತ್ರ ಬಹುಮಾನ ಪಡೆದ ಕೋತಿಗಳು ಕೆಲವು ವಾರಗಳಲ್ಲಿ ಅದನ್ನು ಹಿಗ್ಗಿಸಲು ಅಥವಾ ಕುಗ್ಗಿಸಲು ಕಲಿತವು. ಮೆದುಳುಬಳ್ಳಿಯನ್ನು ಮಿದುಳಿನಿಂದ ಬೇರ್ಪಡಿಸಿದ ಮೇಲೆಯೂ ಈ ಬದಲಾವಣೆಯ ಗುರುತು ಉಳಿಯಿತು. ಅಂದರೆ ಕಲಿಕೆಯು ಮಿದುಳಿನಲ್ಲಷ್ಟೇ ಅಲ್ಲ, ಬಳ್ಳಿಯಲ್ಲಿಯೂ ನೆಲೆಸಬಲ್ಲದು.

ಇದು ಮನುಷ್ಯರ ನಡಿಗೆಗೆ ಉಪಯುಕ್ತವಾಗಬಲ್ಲದೆಂದು ತೋರಿಸಿದ ಅಧ್ಯಯನವನ್ನು ಐಕೊ ಥಾಂಪ್ಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಮೆದುಳುಬಳ್ಳಿಗೆ ಭಾಗಶಃ ಪೆಟ್ಟಾಗಿದ್ದ 13 ಜನರಲ್ಲಿ 9 ಮಂದಿ ತರಬೇತಿ ಪಡೆದರು. ರೋಗಿ ನಿಂತಿರುವಾಗ ನರಕ್ಕೆ ಸ್ಪಂದನ ಕೊಡಲಾಗುತ್ತದೆ. ಮೀನಖಂಡದ ಪ್ರತಿಕ್ರಿಯೆ ಎಷ್ಟಿತ್ತೆಂಬುದು ಪರದೆಯ ಮೇಲೆ ಪಟ್ಟಿಯಾಗಿ ಕಾಣುತ್ತದೆ. ಅದನ್ನು ಕುಗ್ಗಿಸಲು ರೋಗಿ ಯತ್ನಿಸಬೇಕು. ಹೇಗೆಂದು ಯಾರೂ ಹೇಳಿಕೊಡಲಾರರು. ಒಂದು ಸಲಕ್ಕೆ 225 ಯತ್ನಗಳು, ವಾರಕ್ಕೆ ಮೂರು ಸಲ, ಹತ್ತು ವಾರ. ಒಂಬತ್ತರಲ್ಲಿ ಆರು ಮಂದಿಯ ಪರಾವರ್ತನೆ ಕುಗ್ಗಿತು. ಅವರ ನಡಿಗೆಯ ವೇಗ ಹೆಚ್ಚಿ ಹೆಜ್ಜೆಗಳು ಸಮವಾದವು.

ಈ ಫಲವನ್ನು ಪಾರ್ಶ್ವವಾಯುವಿಗೆ ಹಾಗೆಯೇ ಅನ್ವಯಿಸಲು ಅವಸರಪಡಬಾರದು. ಇಲಿಗಳ ಮೇಲಿನ ಪ್ರಯೋಗಗಳ ಪ್ರಕಾರ, ಮಿದುಳಿನ ಹೊರಪದರದಿಂದ ಮೆದುಳುಬಳ್ಳಿಗೆ ಇಳಿಯುವ ಮುಖ್ಯ ನರಮಾರ್ಗ ತುಂಡಾದರೆ ಈ ಕಲಿಕೆ ನಡೆಯುವುದಿಲ್ಲ. ಪಾರ್ಶ್ವವಾಯು ಘಾಸಿಗೊಳಿಸುವುದು ಬಹುಪಾಲು ಇದೇ ಮಾರ್ಗವನ್ನು. ಆದುದರಿಂದ ಯಾವ ರೋಗಿಯಲ್ಲಿ ಎಷ್ಟು ಮಾರ್ಗ ಉಳಿದಿದೆ ಎಂಬುದೇ ಇಲ್ಲಿ ನಿರ್ಣಾಯಕ. ಪಾರ್ಶ್ವವಾಯುವಿನ ಮಟ್ಟಿಗೆ ಈ ತರಬೇತಿ ಸಂಶೋಧನೆಯ ಹಂತದಲ್ಲಿದೆಯೇ ಹೊರತು ವಾಡಿಕೆಯ ಚಿಕಿತ್ಸೆಯಾಗಿಲ್ಲ.

ಕೊಪ್ಪಳ ಸೀಮೆಗೆ ಇನ್ನೊಂದು ತೊಡಕೂ ಇದೆ. ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ದೀರ್ಘಕಾಲ ಇಂತಹ ನೀರು ಕುಡಿದವರಲ್ಲಿ ಬೆನ್ನೆಲುಬಿನ ಮೂಳೆ ಬೆಳೆದು ಮೆದುಳುಬಳ್ಳಿಯನ್ನು ಒತ್ತಿದರೆ ಎರಡೂ ಕಾಲುಗಳು ಸೆಟೆಯುತ್ತವೆ. ಇದು ನಿಧಾನವಾಗಿ ಬರುವ ರೋಗ. ಲಕ್ವದಂತೆ ಹಠಾತ್ತನೆ ಒಂದು ಪಕ್ಕಕ್ಕೆ ಹೊಡೆಯುವುದಲ್ಲ. ಆದರೆ ಎರಡಕ್ಕೂ ಒಂದೇ ಎಣ್ಣೆ, ಒಂದೇ ಹೆಸರು ಸಲ್ಲುವಲ್ಲಿ ಮೂಲಕಾರಣ ಮರೆಯಾಗುತ್ತದೆ. ಬಳ್ಳಿಯ ಮೇಲಿನ ಒತ್ತಡ ಹಾಗೆಯೇ ಇರುವಾಗ ಪರಾವರ್ತನೆಯನ್ನು ಪಳಗಿಸಿ ಪ್ರಯೋಜನವಿಲ್ಲ.

ಆಸ್ಪತ್ರೆಗಳ ಚರಿತ್ರೆಯು ಇಲ್ಲಿ ದೂರದ ಚರಿತ್ರೆಯೂ ಹೌದು. ಕೊಪ್ಪಳವು ಸಾಲಾರಜಂಗರ ಜಹಗೀರಾಗಿತ್ತು. 1956ರ ಏಕೀಕರಣದ ನಂತರ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಸೇರಿತು. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಲ್ಲಿ, ಬಳ್ಳಾರಿಯದು 1961ರಲ್ಲಿ ಆರಂಭವಾದ ಮೇಲೆ ಕಠಿಣ ರೋಗಗಳಿಗೆ ಈ ಎರಡು ದಿಕ್ಕುಗಳೇ ಗತಿಯಾದವು. 1997ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ಜಿಲ್ಲೆ ರೂಪುಗೊಂಡರೂ, ಕೊಪ್ಪಳದಲ್ಲಿಯೇ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಪ್ರಾರಂಭವಾದುದು 2015ರಲ್ಲಿ. ಕುಷ್ಟಗಿಗೆ ರೈಲು ಬಂದುದು 2025ರಲ್ಲಿ.

ಮೇಲಿನ ಅಧ್ಯಯನದ ಕ್ರಮದಂತೆ ಆರಂಭಿಕ ಅಳತೆಗೆ 6 ಮತ್ತು ತರಬೇತಿಗೆ 30, ಒಟ್ಟು 36 ಭೇಟಿಗಳು ಬೇಕು. ಲಕ್ವ ಹೊಡೆದವರು ಒಬ್ಬರೇ ಬಸ್ಸು ಹತ್ತಲಾರರು; ಜೊತೆಗೆ ಬರುವ ಮಗನದೋ ಸೊಸೆಯದೋ ಅಷ್ಟೇ ದಿನದ ಕೂಲಿ ತಪ್ಪುತ್ತದೆ. ಯಂತ್ರದ ಬೆಲೆಗಿಂತ ಈ ಲೆಕ್ಕವೇ ದೊಡ್ಡದೆಂದು ನನ್ನ ಅಭಿಪ್ರಾಯ. ನಡಿಗೆಯ ಅಳತೆಯೂ ಪರಿಶೀಲನೆಗೆ ಯೋಗ್ಯವಾಗಿದೆ. ಸಂಶೋಧನೆಗಳಲ್ಲಿ ವಾಡಿಕೆಯಾಗಿ ಅಳೆಯುವುದು ಸಮತಟ್ಟಾದ ನೆಲದಲ್ಲಿ ಹತ್ತು ಮೀಟರ್ ನಡಿಗೆಯನ್ನು. ಗಂಗಾವತಿಯ ಭತ್ತದ ಗದ್ದೆಯ ಬದು, ಯಲಬುರ್ಗಾದ ಮಳೆಗಾಲದ ಎರೆಮಣ್ಣು, ಕುಷ್ಟಗಿಯ ಕಲ್ಲು ತುಂಬಿದ ಮಸಾರಿ ಹೊಲ ಇವುಗಳಲ್ಲಿ ಪಾದ ಎತ್ತಿಡಲು ಬೇಕಾದ ಸಾಮರ್ಥ್ಯವೇ ಬೇರೆ. ನೆಲದ ಮೇಲೆ ಕುಳಿತು ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು ಸಹ ಇಲ್ಲಿಯ ಜನರಿಗೆ ನಡಿಗೆಯಷ್ಟೇ ಅಗತ್ಯ. ಇವೆರಡರಲ್ಲಿಯೂ ಹಿಮ್ಮಡಿ ನೆಲಕ್ಕೆ ಊರಬೇಕಾದುದರಿಂದ ಮೀನಖಂಡದ ಸೆಡೆತವೇ ಮೊದಲ ಅಡ್ಡಿಯಾಗುತ್ತದೆ.