ರೋಗಿಯ ವೈದ್ಯಕೀಯ ದಾಖಲೆಗಳು ಮತ್ತು ಕಾನೂನು ಸಲಹೆಗಾರರ ಕರ್ತವ್ಯ

ಆಸ್ಪತ್ರೆಯ ಕಾನೂನು ಸಲಹೆಗಾರರಾದ ವಕೀಲರ ಕೆಲಸವು ನ್ಯಾಯಾಲಯದ ವಾದಕ್ಕಷ್ಟೇ ಸೀಮಿತವಲ್ಲ. ರೋಗಿಯ ದಾಖಲೆಗಳನ್ನು ಯಾರಿಗೆ ನೀಡಬೇಕು, ಯಾರಿಗೆ ನಿರಾಕರಿಸಬೇಕು ಎಂಬ ಬಗ್ಗೆ ಸಲಹೆ ನೀಡುವುದೂ ಅವರ ಮುಖ್ಯ ಕರ್ತವ್ಯವಾಗಿರುತ್ತದೆ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ವಿನಿಯಮಗಳ ಮೇರೆಗೆ, ವೈದ್ಯರು ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭಿಸಿದ ದಿನಾಂಕದಿಂದ 3 ವರ್ಷಗಳವರೆಗೆ ಕಾಪಾಡತಕ್ಕದ್ದು. ರೋಗಿ ಅಥವಾ ಅವರಿಂದ ಅಧಿಕಾರ ಪಡೆದವರು ಕೋರಿದಲ್ಲಿ ಸ್ವೀಕೃತಿ ನೀಡಿ, 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸತಕ್ಕದ್ದು. ಬಿಲ್ಲು ಬಾಕಿಯಿದೆ ಎಂಬ ಕಾರಣಕ್ಕೆ ಸದರಿ ವಿನಿಯಮದಲ್ಲಿ ವಿನಾಯಿತಿ ಇರುವುದಿಲ್ಲ (ಸಾರ್ವಜನಿಕರು ಹೆಚ್ಚಾಗಿ ಗಮನಿಸದ ಅಂಶವಿದು). ಅರ್ಜಿಯನ್ನು ಲಿಖಿತವಾಗಿಯೇ ಸಲ್ಲಿಸುವುದು ಸೂಕ್ತ.

ಗೋಪ್ಯತೆಯ ಪ್ರಶ್ನೆಯು ಇದಕ್ಕಿಂತ ಜಟಿಲವಾದುದು. ಎಚ್.ಐ.ವಿ. ಸೋಂಕಿನ ವಿಷಯವನ್ನು ಆಸ್ಪತ್ರೆಯೊಂದು ಬಹಿರಂಗಪಡಿಸಿದ್ದರಿಂದ ವ್ಯಕ್ತಿಯೊಬ್ಬರ ನಿಶ್ಚಯವಾಗಿದ್ದ ವಿವಾಹವು ರದ್ದಾಗಿತ್ತು. ಗೋಪ್ಯತೆಯು ನಿರಪೇಕ್ಷ ಹಕ್ಕಲ್ಲವೆಂದು 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಮೇಲ್ಮನವಿಯನ್ನು ವಜಾಗೊಳಿಸಿತು. ಆದರೆ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ, 2017ರಲ್ಲಿ, 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಅದೇ ವರ್ಷದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದಂತೆ, ಸೋಂಕಿತರ ವಿಷಯವನ್ನು ಅವರ ಸಂಗಾತಿಗೆ ತಿಳಿಸಲು ಆರೋಗ್ಯ ಸೇವೆ ನೀಡುವವರ ಪೈಕಿ ವೈದ್ಯರು ಅಥವಾ ಆಪ್ತಸಮಾಲೋಚಕರಿಗೆ ಮಾತ್ರ, ನಿಗದಿತ ಷರತ್ತುಗಳಿಗೊಳಪಟ್ಟು, ಅವಕಾಶವಿರುತ್ತದೆ.